ಪಾಯಾಸಿ ರಾಜನ ತಕ್ಕಡಿ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮೇಷ್ಟ್ರು ದೇವರನ್ನು ನಂಬಿದವರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ಸ್ವರ್ಗ ನರಕದ ಮಾತು ಬಂದರೆ ನಕ್ಕು ಸುಮ್ಮನಾಗುತ್ತಿದ್ದ ಅವರು, ಉಳಿತಾಯದ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ತಾವು ಹೋದ ಮೇಲೆ ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂದು ಬರೆದಿಟ್ಟರು. ಸತ್ತ ಮೇಲೆ ಏನೂ ಇಲ್ಲ ಎನ್ನುವವರಿಗೆ ಸತ್ತ ಮೇಲಿನ ಏರ್ಪಾಟು ಯಾಕೆ ಬೇಕಿತ್ತು ಎಂದು ಅವರ ಸ್ನೇಹಿತರೇ ತಮಾಷೆ ಮಾಡಿದ್ದುಂಟು. ತಮಾಷೆಯಾದರೂ ಪ್ರಶ್ನೆ ಒಳ್ಳೆಯದು. ಸಂಘಟಕರು ವಿಷಯ ಕೇಳಿದಾಗ ಇದನ್ನೇ ಹೇಳಿದೆ: ನಂಬಿಕೆ ಇಲ್ಲದವರ ಪ್ರಕಾರ ಸತ್ತ ಮೇಲೆ ಏನಾಗುತ್ತದೆ?

ಮೊದಲೇ ಒಂದು ಗೆರೆ ಎಳೆದುಕೊಳ್ಳುತ್ತೇನೆ. ದೇವರಿಲ್ಲ ಎಂದವರೆಲ್ಲ ಪರಲೋಕವಿಲ್ಲ ಎಂದವರಲ್ಲ. ಜೈನರಿಗೆ ಸೃಷ್ಟಿಕರ್ತ ಇಲ್ಲ. ಆದರೆ ಜನ್ಮಾಂತರದ ಲೆಕ್ಕವನ್ನು ಅವರಷ್ಟು ಕಟ್ಟುನಿಟ್ಟಾಗಿ ಇಟ್ಟವರು ಕಡಿಮೆ. ಬೌದ್ಧರು ಆತ್ಮವನ್ನೂ ಬಿಟ್ಟರು, ಮರುಹುಟ್ಟನ್ನು ಬಿಡಲಿಲ್ಲ. ಮೀಮಾಂಸಕರಿಗೆ ಯಜ್ಞ ಬೇಕು, ಅದರ ಫಲ ಬೇಕು, ಜಗತ್ತನ್ನು ನಡೆಸುವ ಈಶ್ವರ ಮಾತ್ರ ಬೇಡ. ಇನ್ನೊಂದು ಕಡೆ, ದಿನಾ ದೇವರ ಮುಂದೆ ದೀಪ ಹಚ್ಚುವ ಎಷ್ಟೋ ಜನ ಈ ಪ್ರಶ್ನೆ ಕೇಳಿದರೆ 'ಯಾರು ಹೋಗಿ ನೋಡಿ ಬಂದಿದ್ದಾರೆ ಬಿಡಿ ಸಾರ್' ಅನ್ನುತ್ತಾರೆ. ನಾನು ಇವತ್ತು ಹೇಳುತ್ತಿರುವುದು ದೇಹ ಹೋದರೆ ಆ ಮನುಷ್ಯನೂ ಮುಗಿದ ಎಂದು ನಿಜವಾಗಿ ತಿಳಿದವರ ವಿಷಯ.

'ಯಾರು ಹೋಗಿ ನೋಡಿ ಬಂದಿದ್ದಾರೆ' ಎಂಬುದನ್ನು ಬರಿ ಮಾತಾಗಿ ಬಿಡದೆ ಪರೀಕ್ಷೆಗೇ ಇಳಿದ ಒಬ್ಬ ರಾಜನಿದ್ದ. ಬೌದ್ಧರ ಪಾಲಿ ದೀಘನಿಕಾಯದಲ್ಲಿ ಅವನ ಹೆಸರಿನದೇ ಒಂದು ಸುತ್ತವಿದೆ. ಕೋಸಲ ದೇಶದ ಸೇತವ್ಯಾ ಎಂಬ ಪಟ್ಟಣದ ಒಡೆಯ ಪಾಯಾಸಿ. ಪರಲೋಕವಿಲ್ಲ, ಸತ್ತವರು ಮತ್ತೆ ಹುಟ್ಟುವುದಿಲ್ಲ, ಪಾಪಪುಣ್ಯಕ್ಕೆ ಫಲವಿಲ್ಲ ಎಂಬುದು ಅವನ ವಾದ. ಅದಕ್ಕೆ ಆಧಾರ ಏನು ಎಂದು ಕುಮಾರ ಕಸ್ಸಪನೆಂಬ ಭಿಕ್ಷು ಕೇಳಿದಾಗ ಪಾಯಾಸಿ ತಾನು ಮಾಡಿ ನೋಡಿದ್ದನ್ನು ಒಂದೊಂದಾಗಿ ಹೇಳುತ್ತಾನೆ. ಕೆಟ್ಟ ನಡತೆಯ ನೆಂಟರು ಸಾಯುವ ಸ್ಥಿತಿಯಲ್ಲಿದ್ದಾಗ ಹೋಗಿ, ನರಕ ಇದ್ದರೆ ಬಂದು ಹೇಳಿ ಎಂದು ಮಾತು ತೆಗೆದುಕೊಂಡ. ಯಾರೂ ಬರಲಿಲ್ಲ. ಸಜ್ಜನರಿಗೆ, ಸ್ವರ್ಗ ಇದ್ದರೆ ಬಂದು ಹೇಳಿ ಎಂದ. ಅವರೂ ಬರಲಿಲ್ಲ. ಒಬ್ಬ ಕಳ್ಳನನ್ನು ಜೀವಂತವಾಗಿ ಹಂಡೆಯೊಳಗೆ ಹಾಕಿಸಿ, ಬಾಯಿಗೆ ಹಸಿ ತೊಗಲು ಬಿಗಿದು, ಮೇಲೆ ಮಣ್ಣು ಮೆತ್ತಿಸಿ, ಒಲೆಯ ಮೇಲಿಡಿಸಿದ. ಸತ್ತನೆಂದು ತಿಳಿದ ಮೇಲೆ ಇಳಿಸಿ, ಮೆಲ್ಲಗೆ ಬಾಯಿ ಬಿಚ್ಚಿ, ಜೀವ ಹೊರಗೆ ಹೋಗುವುದು ಕಂಡೀತೇ ಎಂದು ಇಣುಕಿ ನೋಡಿದ. ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿಸಿ, ಬಿಲ್ಲಿನ ಹೆದೆಯಿಂದ ಕತ್ತು ಬಿಗಿದು ಕೊಲ್ಲಿಸಿ, ಮತ್ತೆ ತೂಗಿಸಿದ. ಜೀವ ಹೋದ ಮೇಲೆ ಹಗುರಾಗಬೇಕಿತ್ತಲ್ಲ, ಹೆಣ ಹೆಚ್ಚು ಭಾರವಾಗಿತ್ತು ಎನ್ನುತ್ತಾನೆ.

ಕ್ರೌರ್ಯ ಮೈ ನಡುಗಿಸುವಂಥದು. ಕಥೆ ಬರೆದವರು ಪಾಯಾಸಿಯ ಪಕ್ಷದವರಲ್ಲ ಎಂಬುದನ್ನೂ ನೆನಪಿಡಬೇಕು. ಜೈನರ ರಾಯಪಸೇಣಿಯ ಸೂತ್ರದಲ್ಲೂ ಇದೇ ಕಥೆ ಬೇರೆ ಗುರುವಿನ ಗೆಲುವಾಗಿ ಬರುತ್ತದೆ. ನಮ್ಮ ದೇಶದ ಭೌತವಾದಿಗಳ ಸ್ವಂತ ಗ್ರಂಥಗಳು ಬಹುಮಟ್ಟಿಗೆ ನಾಶವಾಗಿ, ಅವರ ಮಾತನ್ನು ಎದುರಾಳಿಗಳ ಬಾಯಿಂದ ಕೇಳುವ ಗತಿ ನಮ್ಮದು. ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಹುಟ್ಟಿದ ಮಾಧವರ 'ಸರ್ವದರ್ಶನಸಂಗ್ರಹ' ಚಾರ್ವಾಕರಿಂದಲೇ ಶುರುವಾಗುತ್ತದೆ, ಆದರೆ ಅದು ಖಂಡಿಸುವುದಕ್ಕಾಗಿ ಇಟ್ಟ ಮೊದಲ ಮೆಟ್ಟಿಲು. ಹಾಗಿದ್ದೂ ಎದುರಾಳಿಗಳು ಪಾಯಾಸಿಗೆ ಅನ್ಯಾಯ ಮಾಡಿಲ್ಲ. ಅವನ ಪ್ರಶ್ನೆಗಳಿಗೆ ಭಿಕ್ಷು ಕೊಡುವುದು ಉಪಮೆಗಳು: ಮಲದ ಗುಂಡಿಯಿಂದ ಎದ್ದು ಮಿಂದು ಗಂಧ ಪೂಸಿಕೊಂಡವನು ಮತ್ತೆ ಗುಂಡಿಗೆ ಇಳಿದಾನೇ, ಸ್ವರ್ಗಕ್ಕೆ ಹೋದವರು ಹಾಗೆಯೇ ಎಂದು. ಕೊನೆಗೆ ಸೋಲುವ ಹೊತ್ತಿನಲ್ಲಿ ಪಾಯಾಸಿ ಆಡುವ ಒಂದು ಮಾತು ನನಗೆ ಬಹಳ ಇಷ್ಟ. ನನ್ನ ಮತ ಏನೆಂದು ಪಸೇನದಿ ರಾಜನಿಗೂ ಹೊರಗಿನ ಅರಸರಿಗೂ ಗೊತ್ತು, ಈಗ ಬಿಟ್ಟರೆ ದಡ್ಡ ಎಂದಾರು, ಹಾಗಾಗಿ ಬಿಡಲಾರೆ ಎನ್ನುತ್ತಾನೆ! ನಂಬದವರಲ್ಲೂ ಮಾನಕ್ಕಂಜಿ ಮತ ಕಟ್ಟಿಕೊಂಡವರಿದ್ದಾರೆ.

ಪಾಯಾಸಿಯ ತಕ್ಕಡಿ ಅಲ್ಲಿಗೆ ಮೂಲೆ ಸೇರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಹೇವರ್‌ಹಿಲ್ ಎಂಬ ಊರಿನ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಅದನ್ನು ಮತ್ತೆ ಹೊರಗೆ ತೆಗೆದ. ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳನ್ನು ಮಂಚದ ಸಮೇತ ದೊಡ್ಡ ತಕ್ಕಡಿಯ ಮೇಲಿಟ್ಟು, ಪ್ರಾಣ ಹೋಗುವ ಗಳಿಗೆಯಲ್ಲಿ ಮುಳ್ಳು ಎಷ್ಟು ಇಳಿಯುತ್ತದೆ ಎಂದು ನೋಡಿದ. ಆರು ರೋಗಿಗಳು. ಮೊದಲನೆಯವನಲ್ಲಿ ಮುಕ್ಕಾಲು ಔನ್ಸು, ಅಂದರೆ ಸುಮಾರು 21 ಗ್ರಾಂ ಇಳಿಯಿತಂತೆ. ಮಿಕ್ಕವರಲ್ಲಿ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ, ಎರಡನ್ನು ಅವನೇ ಕೈಬಿಟ್ಟ. ಆದರೂ ಆತ್ಮದ ತೂಕ 21 ಗ್ರಾಂ ಎಂಬುದು ಇವತ್ತಿಗೂ ನಮ್ಮ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಪಾಯಾಸಿಗೆ ಭಾರ ಹೆಚ್ಚಾಯಿತು, ಮ್ಯಾಕ್‌ಡೂಗಲ್‌ಗೆ ಕಡಿಮೆಯಾಯಿತು. ಇಬ್ಬರೂ ತೂಗಿದ್ದು ತಮಗೆ ಬೇಕಾದ್ದನ್ನು ಎಂದು ನನ್ನ ಗುಮಾನಿ.

ಅದಕ್ಕಿಂತ ಸಭ್ಯವಾದ ಪರೀಕ್ಷೆ ನಮ್ಮ ಕಾಲದ್ದು. ಹೃದಯ ನಿಂತು ಬದುಕಿ ಬಂದ ಕೆಲವರು, ಮೇಲಿನಿಂದ ನನ್ನ ದೇಹವನ್ನೇ ನೋಡಿದೆ ಎನ್ನುವುದುಂಟು. ನಿಜವಿದ್ದರೆ ಮೇಲಿನಿಂದ ಮಾತ್ರ ಕಾಣುವಂಥದ್ದು ಅವರಿಗೆ ಕಾಣಬೇಕಲ್ಲ? ವೈದ್ಯ ಸ್ಯಾಮ್ ಪಾರ್ನಿಯಾ ಮತ್ತು ಸಂಗಡಿಗರು ಆಸ್ಪತ್ರೆಗಳಲ್ಲಿ ಸೂರಿನ ಹತ್ತಿರ ಹಲಗೆಗಳನ್ನು ಹೊಡೆಸಿ, ಅವುಗಳ ಮೇಲೆ ಚಿತ್ರಗಳನ್ನಿಟ್ಟರು. 2014ರಲ್ಲಿ ಪ್ರಕಟವಾದ ವರದಿಯಲ್ಲಿ ಹೃದಯಸ್ತಂಭನದ 2060 ಪ್ರಕರಣಗಳಿದ್ದವು. ಅವರಲ್ಲಿ ಬದುಕುಳಿದವರು 330, ಮಾತಾಡಿಸಲು ಸಾಧ್ಯವಾದವರು 140. ಹಲಗೆಯ ಮೇಲಿನ ಚಿತ್ರವನ್ನು ಕಂಡವರು ಒಬ್ಬರೂ ಇಲ್ಲ. ನ್ಯಾಯವಾಗಿ ಇದನ್ನೂ ಹೇಳಬೇಕು: ಹೆಚ್ಚಿನ ಪ್ರಕರಣಗಳು ನಡೆದದ್ದು ಹಲಗೆಯೇ ಇಲ್ಲದ ಕೋಣೆಗಳಲ್ಲಿ. ಆದ್ದರಿಂದ ಇದು ಕೊನೆಯ ತೀರ್ಪು ಅಲ್ಲ.

ಇಷ್ಟರ ಮೇಲೆ, ಬದುಕು ಮತ್ತು ಸಾವಿನ ನಡುವೆ ಹೊಸ್ತಿಲಿನಂಥದ್ದು ಯಾವುದೂ ಇಲ್ಲ ಎಂದು ಈಚಿನ ವಿಜ್ಞಾನ ತೋರಿಸಿದೆ. ಹೃದಯ ನಿಂತ ಹದಿನೈದು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ, ಆದರೆ ಜೀವಕೋಶಗಳು ಒಟ್ಟಿಗೆ ಸಾಯುವುದಿಲ್ಲ. ಮೆದುಳಿನವು ಬೇಗ, ಚರ್ಮದವು ಬಹಳ ನಿಧಾನ. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಕಸಾಯಿಖಾನೆಯಿಂದ ತಂದ ಹಂದಿಗಳ ಮೆದುಳಿಗೆ, ಸತ್ತು ನಾಲ್ಕು ಗಂಟೆ ಕಳೆದ ಮೇಲೆ, ರಕ್ತದ ಬದಲು ಒಂದು ದ್ರವ ಹರಿಸಿದಾಗ ಕೋಶಗಳ ಕೆಲವು ಕೆಲಸಗಳು ಮತ್ತೆ ಶುರುವಾದವು. ಅರಿವಿನ ಲಕ್ಷಣ ಮಾತ್ರ ಕಾಣಲಿಲ್ಲ. ದೀಪ ಆರಿದಂತೆ ಸಾವು ಎಂದು ಹೇಳುವ ನಾಸ್ತಿಕ ಮಿತ್ರರು ಇದನ್ನು ಗಮನಿಸಬೇಕು. ಸಾಯುವುದು ಗಂಟೆಗಟ್ಟಲೆ ನಡೆಯುವ ಕೆಲಸ. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ಮೆದುಳುಕಾಂಡ ನಿಂತರೆ ಸಾವು ಎಂದು ಒಪ್ಪಿಕೊಂಡಿದೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದಿದ್ದೇವೆ, ಅಷ್ಟೆ.

ಹಾಗಾದರೆ ಆ ಮನುಷ್ಯ ಎಲ್ಲಿಗೆ ಹೋದ? ನಂಬದವರ ಉತ್ತರ ಬುದ್ಧನ ಕಾಲಕ್ಕೂ ಈ ಕಾಲಕ್ಕೂ ಹೆಚ್ಚು ಬದಲಾಗಿಲ್ಲ. ಕೂದಲ ಕಂಬಳಿ ಹೊದೆಯುತ್ತಿದ್ದ ಅಜಿತ ಕೇಶಕಂಬಲಿ ಹೇಳಿದ್ದು ಇಷ್ಟೇ: ಮನುಷ್ಯ ನಾಲ್ಕು ಭೂತಗಳಿಂದಾದವನು, ಸತ್ತಾಗ ಮಣ್ಣಿನ ಪಾಲು ಮಣ್ಣಿಗೆ, ನೀರಿನದು ನೀರಿಗೆ, ಬೆಂಕಿಯದು ಬೆಂಕಿಗೆ, ಗಾಳಿಯದು ಗಾಳಿಗೆ. ಅರಿವು ಬೇರೆ ವಸ್ತುವಲ್ಲ, ಹಿಟ್ಟು ಬೆಲ್ಲ ಹುಳಿತಾಗ ಅಮಲು ಬರುವಂತೆ ಭೂತಗಳು ಕೂಡಿದಾಗ ಬರುವ ಗುಣ ಎಂದರು ಲೋಕಾಯತರು, ಅಂದರೆ ಚಾರ್ವಾಕರು. ಕಳ್ಳು ಚೆಲ್ಲಿದ ಮೇಲೆ ಅದರ ಅಮಲು ಎಲ್ಲಿಗೆ ಹೋಯಿತು ಎಂದು ಯಾರೂ ಹುಡುಕುವುದಿಲ್ಲ. ಗ್ರೀಸಿನ ಎಪಿಕ್ಯೂರಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾವಿರುವಾಗ ಸಾವು ಇಲ್ಲ, ಸಾವು ಬಂದಾಗ ನಾವಿಲ್ಲ, ಅದಕ್ಕೇಕೆ ಅಂಜಬೇಕು ಎಂದು ವಾದಿಸಿದ. ಅವನ ಶಿಷ್ಯಪರಂಪರೆಯ ಲುಕ್ರೀಷಿಯಸ್ ಕೇಳಿದ ಪ್ರಶ್ನೆ ನನಗೆ ಇನ್ನೂ ಚುರುಕಾಗಿ ಕಾಣುತ್ತದೆ. ಹುಟ್ಟುವುದಕ್ಕೆ ಮುಂಚಿನ ಅನಂತ ಕಾಲದಲ್ಲಿ ನಾವಿರಲಿಲ್ಲ. ಅದರ ಬಗ್ಗೆ ಯಾರೂ ಕೊರಗುವುದಿಲ್ಲ. ಮುಂದಿನ ಅನಂತಕ್ಕೆ ಮಾತ್ರ ಯಾಕೆ?

ಈ ಮಾತನ್ನು ಸಾವಿನ ಎದುರಿಗೇ ಪರೀಕ್ಷಿಸಿ ನೋಡಿದ ಘಟನೆಯೊಂದಿದೆ. 1776ರ ಜುಲೈ 7, ಭಾನುವಾರ. ಎಡಿನ್‌ಬರೋದಲ್ಲಿ ದಾರ್ಶನಿಕ ಡೇವಿಡ್ ಹ್ಯೂಮ್ ಸಾವಿನ ದಾರಿಯಲ್ಲಿದ್ದ. ಚರ್ಚಿಗೆ ಹೋಗಲು ತಡವಾಯಿತೆಂದು ಲೇಖಕ ಜೇಮ್ಸ್ ಬಾಸ್ವೆಲ್ ಅವನ ಮನೆಗೆ ಹೋದ. ಬಡಕಲಾಗಿ, ಮಣ್ಣಿನ ಬಣ್ಣಕ್ಕೆ ತಿರುಗಿದ್ದ ಹ್ಯೂಮ್ ಪುಸ್ತಕ ಮುಂದಿಟ್ಟುಕೊಂಡು ಗೆಲುವಾಗಿಯೇ ಇದ್ದ. ಬಾಸ್ವೆಲ್ ನೇರವಾಗಿ ಕೇಳಿದ: ಇನ್ನು ನೀನು ಇರುವುದೇ ಇಲ್ಲ ಎಂಬ ಯೋಚನೆ ಕಳವಳ ತರುವುದಿಲ್ಲವೇ? ಹುಟ್ಟುವ ಮುಂಚೆ ಇರಲಿಲ್ಲ ಎಂಬುದಕ್ಕೆ ಎಷ್ಟು ಕಳವಳವೋ ಅಷ್ಟೇ ಎಂದು ಹ್ಯೂಮ್ ಲುಕ್ರೀಷಿಯಸನ ಮಾತನ್ನೇ ತಿರುಗಿ ಹೇಳಿದ. ನಡುಗಿದವನು ಬಾಸ್ವೆಲ್, ಅವನ ದಿನಚರಿಯೇ ಅದಕ್ಕೆ ಸಾಕ್ಷಿ. ಹ್ಯೂಮ್ ಆಗಸ್ಟ್ 25ರಂದು ತೀರಿಕೊಂಡ. ಅವನು ಎಷ್ಟು ಸಮಾಧಾನವಾಗಿ ಸತ್ತ ಎಂದು ಗೆಳೆಯ ಆಡಂ ಸ್ಮಿತ್ ಪತ್ರವೊಂದರಲ್ಲಿ ಬರೆದದ್ದಕ್ಕೆ ಬಂದಷ್ಟು ಬೈಗುಳ, ಬ್ರಿಟನ್ನಿನ ವ್ಯಾಪಾರ ನೀತಿಯನ್ನೆಲ್ಲ ಜಾಡಿಸಿದ ತನ್ನ ದೊಡ್ಡ ಗ್ರಂಥಕ್ಕೂ ಬರಲಿಲ್ಲ ಎಂದು ಸ್ಮಿತ್ ಆಮೇಲೆ ಹೇಳಿಕೊಂಡಿದ್ದಾನೆ. ದೇವರಿಲ್ಲದವನು ಒದ್ದಾಡಿಕೊಂಡು ಸಾಯಬೇಕಿತ್ತು ಎಂದು ಊರಿನವರಿಗೆ ಆಸೆ.

ಇಲ್ಲಿಯವರೆಗೆ ನಂಬದವರ ಕೈ ಮೇಲೆ. ಉಪನ್ಯಾಸವನ್ನು ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆಯೂ ಬಿದ್ದೀತು. ಆದರೆ ಎಪಿಕ್ಯೂರಸನ ವಾದವನ್ನು ಇನ್ನೊಮ್ಮೆ ನೋಡಿ. ಅದು ಪೂರ್ತಿ 'ನನ್ನ' ಸಾವಿನ ವಾದ. ನನ್ನ ಸಾವು ಬಂದಾಗ ನಾನಿರುವುದಿಲ್ಲ, ಸರಿ. ನನ್ನ ಹೆಂಡತಿಯ ಸಾವು ಬಂದಾಗ ನಾನಿರುತ್ತೇನಲ್ಲ? ಮಗುವಿನ ಸಾವು ಬಂದಾಗ? ಹ್ಯೂಮ್ ಮದುವೆಯಾದವನಲ್ಲ, ಎಪಿಕ್ಯೂರಸನೂ ಅಲ್ಲ. ನಂಬದವರ ಹತ್ತಿರ ತಮ್ಮ ಸಾವಿಗೆ ಪಕ್ಕಾ ಉತ್ತರವಿದೆ. ತಮ್ಮವರ ಸಾವಿಗೆ ಇಲ್ಲ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಲು ಹೋಗಿಯೇ ಅವರು ಮತ್ತೆ ಮತ್ತೆ ನಿಷ್ಠುರರೆನಿಸಿಕೊಂಡಿದ್ದಾರೆ ಎಂಬುದು ನನ್ನ ವಾದ.

ಜಾಬಾಲಿಯನ್ನು ನೆನೆಸಿಕೊಳ್ಳಿ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಅವನು ರಾಮನಿಗೆ ಹೇಳುತ್ತಾನೆ: ಸತ್ತವನು ಉಣ್ಣುತ್ತಾನೆಯೇ? ಶ್ರಾದ್ಧ ಎಂದರೆ ಅನ್ನ ಹಾಳು. ಇಲ್ಲಿ ಒಬ್ಬ ಉಂಡದ್ದು ಇನ್ನೊಬ್ಬನಿಗೆ ಸೇರುವುದಾದರೆ ದೂರ ಪ್ರಯಾಣಕ್ಕೆ ಹೊರಟವನಿಗೆ ಬುತ್ತಿ ಯಾಕೆ, ಮನೆಯಲ್ಲೇ ಶ್ರಾದ್ಧ ಮಾಡಿದರೆ ಸಾಲದೇ? ವಾದ ಎಷ್ಟು ಬಿಗಿ ನೋಡಿ. ಆದರೆ ಹೇಳಿದ್ದು ಯಾರಿಗೆ, ಯಾವಾಗ? ಅಪ್ಪ ಸತ್ತ ಸುದ್ದಿ ಆಗಷ್ಟೇ ಕೇಳಿ, ಮಂದಾಕಿನಿಯ ದಡದಲ್ಲಿ ಎಳಚಿಹಣ್ಣು ಬೆರೆಸಿದ ಹಿಂಡಿಯ ಪಿಂಡವಿಟ್ಟು ಅತ್ತ ಮಗನಿಗೆ. ರಾಮ ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ಇದರ ಎದುರಿಗೆ ನಮ್ಮ ಪಂಪನ ಮಹಾಮತಿಯನ್ನು ಇಡುತ್ತೇನೆ. ಕ್ರಿ.ಶ. 941ರ 'ಆದಿಪುರಾಣ'ದಲ್ಲಿ ಅಳಕಾಪುರಿಯ ಅರಸ ಮಹಾಬಲನ ಮಂತ್ರಿಗಳಲ್ಲಿ ಮಹಾಮತಿ ಲೋಕಾಯತ ಪಕ್ಷದವನು. ಅವನು ಜೀವವಿಲ್ಲ ಪರವಿಲ್ಲ ಎಂದು ಹೇಳುವುದು ಅರಸನ ಹುಟ್ಟುಹಬ್ಬದ ಸಭೆಯಲ್ಲಿ, ಇತರ ಮತದ ಮಂತ್ರಿಗಳು ಎದುರಿಗಿರುವಾಗ. ಸೋಲುತ್ತಾನೆ, ಜೈನಪುರಾಣದಲ್ಲಿ ಸೋಲಲೇಬೇಕು. ಆದರೆ ಜಾಗ ಸರಿಯಾಗಿತ್ತು. ತತ್ತ್ವವನ್ನು ಹಬ್ಬದ ದಿನ ಮಾತಾಡಬೇಕು, ಹೆಣದ ಮುಂದೆ ಮಾತಾಡಬಾರದು.

ಟಿ. ಎಚ್. ಹಕ್ಸ್‌ಲಿಯ ಅನುಭವ ಜಾಬಾಲಿಯದಕ್ಕೆ ತದ್ವಿರುದ್ಧ: ಇಲ್ಲಿ ಹೆಣದ ಮುಂದೆ ಉಪದೇಶ ಕೇಳಬೇಕಾದವನು ನಂಬದವನು. ಡಾರ್ವಿನ್ನನ ಪರವಾಗಿ ಪಾದ್ರಿಗಳೊಂದಿಗೆ ಸೆಣಸಿದವನು, ಅಜ್ಞೇಯವಾದಿ ಎಂಬ ಗುರುತನ್ನು ಇಂಗ್ಲಿಷಿನಲ್ಲಿ ಮೊದಲು ಹುಟ್ಟಿಸಿಕೊಂಡವನು. 1860ರ ಸೆಪ್ಟೆಂಬರಿನಲ್ಲಿ ಅವನ ಚೊಚ್ಚಲ ಮಗ ನೋಯಲ್, ಇನ್ನೂ ನಾಲ್ಕು ತುಂಬದ ಕೂಸು, ಕೆಂಪು ಜ್ವರದಿಂದ ತೀರಿಕೊಂಡ. ಗೆಳೆಯನಾಗಿದ್ದ ಪಾದ್ರಿ ಚಾರ್ಲ್ಸ್ ಕಿಂಗ್ಸ್‌ಲಿ, ಮಗು ಮತ್ತೆ ಸಿಗುತ್ತದೆಂಬ ನಂಬಿಕೆಯ ಸಮಾಧಾನ ಹೇಳಿ ಪತ್ರ ಬರೆದ. ಸೆಪ್ಟೆಂಬರ್ 23ರಂದು ಹಕ್ಸ್‌ಲಿ ಬರೆದ ಉತ್ತರ ಈ ಇಡೀ ವಿಷಯದಲ್ಲಿ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ದಾಖಲೆ. ಮನುಷ್ಯ ಅಮರನೆಂದು ನಾನು ಒಪ್ಪುವುದೂ ಇಲ್ಲ ಅಲ್ಲಗಳೆಯುವುದೂ ಇಲ್ಲ, ನಂಬಲು ಕಾರಣ ಕಾಣದು, ಸುಳ್ಳೆಂದು ತೋರಿಸಲು ದಾರಿಯೂ ಇಲ್ಲ. ಬೇಕೆನಿಸುತ್ತದೆ ಎಂಬುದು ಕಾರಣವಾಗಲಾರದು ಎನ್ನುತ್ತಾನೆ. ಮಗುವನ್ನು ಮಣ್ಣಿಗಿಡುವಾಗ ಪಾದ್ರಿ ತನ್ನ ಕರ್ತವ್ಯವೆಂಬಂತೆ ಓದಿದ ಬೈಬಲ್ ಭಾಗದಲ್ಲಿ, ಸತ್ತವರು ಏಳದಿದ್ದರೆ ತಿಂದು ಕುಡಿದು ಇರೋಣ ಎಂಬರ್ಥದ ಮಾತಿತ್ತು. ಅದು ಹಕ್ಸ್‌ಲಿಯನ್ನು ಕೆರಳಿಸಿತು. ನನ್ನ ಮಗು ಮತ್ತೆ ಸಿಗುವುದಿಲ್ಲವೆಂದರೆ ನಾನು ಪಶುವಾಗಬೇಕೇ? ಮರಿ ಕಳೆದುಕೊಂಡ ಮಂಗಗಳೂ ದುಃಖವನ್ನು ದುಃಖವಾಗಿಯೇ ಉಣ್ಣುತ್ತವೆ, ಹೊಟ್ಟೆ ಬಿರಿಯೆ ತಿಂದು ಮರೆಯುವುದಿಲ್ಲ ಎಂದು ಬರೆದ.

ಡಾರ್ವಿನ್ ಅದಕ್ಕೂ ಒಂಬತ್ತು ವರ್ಷ ಮುಂಚೆ ಇದೇ ದಾರಿ ನಡೆದಿದ್ದ. 1851ರ ಏಪ್ರಿಲ್ 23ರಂದು ಮಾಲ್ವರ್ನ್ ಎಂಬ ಊರಿನಲ್ಲಿ ಹತ್ತು ವರ್ಷದ ಮಗಳು ಆನಿ ತೀರಿಕೊಂಡಳು. ಬಸುರಿ ಹೆಂಡತಿ ಎಮ್ಮ ದೂರದ ಮನೆಯಲ್ಲಿದ್ದಳು. ಅವಳ ಹತ್ತಿರ ಹೋಗಬೇಕೆಂದು ಡಾರ್ವಿನ್ ಮಣ್ಣಿಗೂ ನಿಲ್ಲದೆ ಹೊರಟ. ವಾರ ಕಳೆದ ಮೇಲೆ ಕೂತು, ಮಗಳ ನಗು, ಓಟ, ಬೆರಳುಗಳು, ತನ್ನ ಕೂದಲನ್ನು ಬಾಚಿ 'ಚಂದ' ಮಾಡುತ್ತಿದ್ದದ್ದು ಇವನ್ನೆಲ್ಲ ಮರೆಯುವ ಮುಂಚೆ ಬರೆದಿಟ್ಟ. ಎಮ್ಮ ದೈವಭಕ್ತೆ, ಮಗಳು ಮತ್ತೆ ಸಿಕ್ಕಾಳೆಂಬ ಆಸೆ ಅವಳಿಗೆ. ಆನಿಯ ಬರವಣಿಗೆಯ ಪುಟ್ಟ ಪೆಟ್ಟಿಗೆಯನ್ನು ಅವಳು ಜೀವಮಾನವಿಡೀ ಜೋಪಾನ ಮಾಡಿದಳು. ಒಬ್ಬರಿಗೆ ಪರಲೋಕವಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಈಗ ನಮ್ಮ ಕಡೆಗೆ ಬರೋಣ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ನಮ್ಮ ನೆಂಟರೊಬ್ಬರ ಹತ್ತನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಕರ್ತೃವಾಗಿ ಕೂತ ಮಗ ಬೆಂಗಳೂರಿನ ಇಂಜಿನಿಯರು, ಇದೆಲ್ಲ ನಂಬದವನು, ಅಮ್ಮನ ಸಲುವಾಗಿ ಒದ್ದೆ ಪಂಚೆಯಲ್ಲಿ ಕೂತಿದ್ದ. ಪಿಂಡ ತಂದು ಕಲ್ಲಿನ ಮೇಲಿಟ್ಟು ಎಲ್ಲರೂ ದೂರ ನಿಂತೆವು. ಕಾಗೆಗಳು ಎದುರಿನ ಮರದಲ್ಲೇ ಇದ್ದವು, ಇಳಿಯಲಿಲ್ಲ. ಏನೋ ಆಸೆ ಉಳಿದಿರಬೇಕು ಎಂದರು ಯಾರೋ. ಸರಿ, ಒಬ್ಬೊಬ್ಬರೇ ಮುಂದೆ ಹೋಗಿ ಕೈ ಮುಗಿದು ಮಾತು ಕೊಡತೊಡಗಿದರು. ತಮ್ಮ ಹೋಗಿ, ಜಮೀನಿನ ತಕರಾರು ನಾನು ಮಾತಾಡಿ ಮುಗಿಸ್ತೀನಿ ಅಣ್ಣಯ್ಯ ಎಂದ. ಮಗಳು ಏನೋ ಅಂದಳು, ಅಳುವಿನಲ್ಲಿ ಕೇಳಿಸಲಿಲ್ಲ. ಕೊನೆಗೆ ಎಲ್ಲರೂ ಇಂಜಿನಿಯರನ ಮುಖ ನೋಡಿದರು. ಅವನು ಸ್ವಲ್ಪ ಹೊತ್ತು ನಿಂತಿದ್ದು, ಕಲ್ಲಿನ ಹತ್ತಿರ ಹೋಗಿ, ಅಮ್ಮನ್ನ ನಾನು ನೋಡ್ಕೋತೀನಿ ಅಪ್ಪ, ಒಬ್ಬಳನ್ನೇ ಬಿಡಲ್ಲ ಎಂದ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಕಾಗೆ ಬರಲೇ ಇಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡು, ಹಸುವಿಗೆ ಕೊಟ್ಟುಬಿಡಿ, ದೋಷವಿಲ್ಲ ಎಂದರು.

ಸತ್ತವರಿಗೆ ಅದರಿಂದ ಏನೂ ತಲುಪಲಿಲ್ಲ ಎಂದೇ ನಾನು ಇವತ್ತಿಗೂ ತಿಳಿದಿದ್ದೇನೆ. ಆದರೆ ಆ ಮಾತು ಅವನ ತಾಯಿಗೆ ಕೇಳಿಸಿತು, ಚಿಕ್ಕಪ್ಪನಿಗೆ ಕೇಳಿಸಿತು, ನಮಗೆಲ್ಲ ಕೇಳಿಸಿತು. ಇಂಥ ಮಾತನ್ನು ಸಾಕ್ಷಿಗಳ ಎದುರು ಬಾಯಿಬಿಟ್ಟು ಆಡುವುದಕ್ಕೆ ನಂಬದವರ ಲೋಕದಲ್ಲಿ ಯಾವ ಕಟ್ಟೆಯಿದೆ? ನಮ್ಮ ವಿಚಾರವಾದಿ ವಲಯದ ನುಡಿನಮನ ಸಭೆಗಳನ್ನು ನೀವೂ ನೋಡಿದ್ದೀರಿ. ಫೋಟೋ, ಹಾರ, ಎರಡು ನಿಮಿಷ ಮೌನ (ಸಾಮಾನ್ಯವಾಗಿ ನಲವತ್ತು ಸೆಕೆಂಡಿಗೆ ಮುಗಿಯುತ್ತದೆ), ಆಮೇಲೆ ಭಾಷಣಕಾರರು ತೀರಿಕೊಂಡವರ ನೆಪದಲ್ಲಿ ತಮ್ಮ ಕಥೆ ಹೇಳುವುದು. ಮನೆಯವರು ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿರುತ್ತಾರೆ, ಅವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಮಂಡ್ಯ ಸೀಮೆಯ 'ತಿಥಿ' ಸಿನಿಮಾ ನೋಡಿದವರಿಗೆ ಗೊತ್ತು, ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲಿನ ಹನ್ನೊಂದು ದಿನಗಳಲ್ಲಿ ಊರಿಗೆಲ್ಲ ಎಷ್ಟು ಕೆಲಸ! ಮಗ ಗಡ್ಡಪ್ಪ ಮಾತ್ರ ಯಾವುದಕ್ಕೂ ಅಂಟಿಕೊಳ್ಳದೆ ತನ್ನ ಪಾಡಿಗೆ ಅಲೆಯುತ್ತಿರುತ್ತಾನೆ. ಕನ್ನಡ ತೆರೆಯ ಮೇಲೆ ನಾನು ಕಂಡ ಅಪ್ಪಟ ಲೋಕಾಯತ ಅವನೇ.

ಇನ್ನು ಸತ್ತವರ ಇಚ್ಛೆಯ ವಿಷಯ. ಜವಾಹರಲಾಲ್ ನೆಹರೂ 1954ರಲ್ಲೇ ಉಯಿಲು ಬರೆದು, ನನಗೆ ಧಾರ್ಮಿಕ ವಿಧಿ ಬೇಡ, ಅಂಥದ್ದರಲ್ಲಿ ನಂಬಿಕೆಯಿಲ್ಲ, ತೋರಿಕೆಗೆ ಮಾಡಿಸಿಕೊಳ್ಳುವುದೂ ಬೇಡ ಎಂದು ಹೇಳಿದ್ದರು. ಬೂದಿಯಲ್ಲಿ ಒಂದು ಹಿಡಿ ಗಂಗೆಗೆ, ಅದೂ ಧರ್ಮಕ್ಕಲ್ಲ, ಬಾಲ್ಯದ ನಂಟಿಗೆ. ಮಿಕ್ಕದ್ದನ್ನು ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಬೇಕು. 1964ರ ಮೇ 27ರಂದು ಅವರು ತೀರಿಕೊಂಡರು. ಮರುದಿನ ಗಂಧದ ಕಟ್ಟಿಗೆ, ಪುರೋಹಿತರು, ಮಂತ್ರ, ಮೊಮ್ಮಗನ ಕೈಯಿಂದ ಅಗ್ನಿಸ್ಪರ್ಶ, ಎಲ್ಲವೂ ನಡೆಯಿತು. ದೇಶದ ಪ್ರಧಾನಿಯ ಬರಹದ ಪಾಡೇ ಇದಾದರೆ ನಮ್ಮ ನಿಮ್ಮ ಪಾಡು ಏನು? ಗಿರೀಶ ಕಾರ್ನಾಡರ ವಿಷಯದಲ್ಲಿ ಹಾಗಾಗಲಿಲ್ಲ. 2019ರ ಜೂನ್ 10ರಂದು ಅವರು ತೀರಿಕೊಂಡಾಗ ವಿಧಿಯಿಲ್ಲ, ಸರ್ಕಾರಿ ಗೌರವವಿಲ್ಲ, ಮೆರವಣಿಗೆಯಿಲ್ಲ, ಹಾರವಿಲ್ಲ. ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರಕ್ಕೆ ಒಯ್ದು ಮುಗಿಸಿದರು. ನಡೆಸಿಕೊಟ್ಟ ಗಟ್ಟಿತನ ಮನೆಯವರದು. ಬಯಸುವುದು ಸುಲಭ, ಬಾಗಿಲಲ್ಲಿ ನಿಂತು ಮಂತ್ರಿಗಳಿಗೆ ಬೇಡ ಎನ್ನುವುದು ಕಷ್ಟ.

ನಂಬದವರಲ್ಲಿ ಬಹಳ ಮಂದಿ ಕೊನೆಗೆ ಆರಿಸಿಕೊಳ್ಳುವುದು ದೇಹದಾನವನ್ನು. ಇದಕ್ಕೊಬ್ಬ ವಿಚಿತ್ರ ಹಿರಿಯನಿದ್ದಾನೆ. ಲಂಡನ್ನಿನ ದಾರ್ಶನಿಕ ಜೆರೆಮಿ ಬೆಂಥಮ್ 1832ರ ಜೂನಿನಲ್ಲಿ ಸತ್ತಾಗ, ಉಯಿಲಿನ ಪ್ರಕಾರ ಗೆಳೆಯರ ಎದುರಿಗೇ ಅವನ ದೇಹವನ್ನು ಕೊಯ್ದು ಪಾಠ ಮಾಡಲಾಯಿತು. ಮೂಳೆಗಳಿಗೆ ಅವನದೇ ಬಟ್ಟೆ ತೊಡಿಸಿ, ಹುಲ್ಲು ತುಂಬಿ, ಕುರ್ಚಿಯಲ್ಲಿ ಕೂರಿಸಿದರು. ತಲೆಯನ್ನು ಒಣಗಿಸುವ ಕೆಲಸ ಕೆಟ್ಟು ಹೋಗಿ ಮೇಣದ ತಲೆ ಇಡಬೇಕಾಯಿತು. ಯೂನಿವರ್ಸಿಟಿ ಕಾಲೇಜಿನಲ್ಲಿ ಇವತ್ತಿಗೂ ಕೂತಿದ್ದಾನೆ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೊಯ್ಯಲು ಸಿಗುತ್ತಿದ್ದದ್ದು ನೇಣಿಗೇರಿದವರ ಹೆಣ, ಇಲ್ಲವೇ ಗೋರಿಯಿಂದ ಕದ್ದದ್ದು. ಬೆಂಥಮ್ ತಾನೇ ಕೊಟ್ಟುಕೊಂಡು ಆ ಅವಮಾನವನ್ನು ಅಳಿಸಿದ. ನಮ್ಮಲ್ಲಿ 2010ರ ಜನವರಿಯಲ್ಲಿ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ಅವರ ದೇಹ ಕೊಲ್ಕತ್ತದ ಆಸ್ಪತ್ರೆಗೆ ಹೋಯಿತು. ಪತ್ರಕರ್ತೆ ಗೌರಿ ಲಂಕೇಶರ ಕಣ್ಣುಗಳನ್ನು ಮನೆಯವರು ದಾನ ಮಾಡಿದರು. ಕಣ್ಣಿನ ವಿಷಯದಲ್ಲಂತೂ ನಂಬಿದವರು ನಂಬದವರು ಎಂಬ ಭೇದ ಕರ್ನಾಟಕದಲ್ಲಿ ಉಳಿದಿಲ್ಲ. ರಾಯರ ಭಕ್ತರಾಗಿದ್ದ ಡಾ. ರಾಜಕುಮಾರ್ ಅದನ್ನು ಮನೆಮಾತು ಮಾಡಿದರು, 2021ರಲ್ಲಿ ಮಗ ಪುನೀತ್ ಅವರ ಎರಡು ಕಣ್ಣಿನ ಕಾರ್ನಿಯಾ ನಾಲ್ವರಿಗೆ ಬೆಳಕು ಕೊಟ್ಟಿತು. ಇದಕ್ಕೆ ಬೇಕಾದ್ದು ಚೂರು ತಿಳಿವಳಿಕೆ. ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆಗೆ ದಿಂಬು ಕೊಡಬೇಕು, ಫ್ಯಾನ್ ಆರಿಸಬೇಕು. ಅಳುವ ಮನೆಯಲ್ಲಿ ಫ್ಯಾನ್ ಆರಿಸಲು ಯಾರಿಗೂ ಹೊಳೆಯುವುದಿಲ್ಲ.

ಸತ್ತವರು ಬಿಟ್ಟುಹೋಗುವುದು ದೇಹವೊಂದನ್ನೇ ಅಲ್ಲ. ಶಿವರಾಮ ಕಾರಂತರು 1960ರಲ್ಲಿ ಬರೆದ 'ಅಳಿದ ಮೇಲೆ' ಕಾದಂಬರಿ ಈ ಮಾತಿಗೆ ಸೇರಬೇಕಾದ್ದು. ಯಶವಂತರಾಯ ಮುಂಬಯಿಯಲ್ಲಿ ಒಂಟಿಯಾಗಿ ಸಾಯುತ್ತಾನೆ. ಅವನು ಬಿಟ್ಟುಹೋದ ದಿನಚರಿ, ಚಿತ್ರಗಳು ಮತ್ತು ಹಣ ಹಿಡಿದುಕೊಂಡು, ರೈಲಿನ ಪರಿಚಯದ ನಿರೂಪಕ ಅವನ ಬದುಕಿನ ಜನರನ್ನು ಹುಡುಕುತ್ತ ಊರೂರು ಅಲೆಯುತ್ತಾನೆ. ಆ ಹೆಸರಿಟ್ಟ ಪುಸ್ತಕದಲ್ಲಿ ಪರಲೋಕದ ಸುದ್ದಿ ಇಲ್ಲ. ಇರುವುದು ಅವನಿಂದ ಉಪಕಾರ ಪಡೆದವರು, ಅವನಿಂದ ನೊಂದವರು, ಅವನು ತೀರಿಸಬೇಕೆಂದುಕೊಂಡಿದ್ದ ಬಾಕಿ. ಸತ್ತ ಮೇಲೆ ಏನು ಎಂಬುದಕ್ಕೆ ನಂಬದವರು ಕನ್ನಡದಲ್ಲಿ ಕೊಟ್ಟಿರುವ ದೀರ್ಘ ಉತ್ತರ ಇದೇ ಎಂದು ನಾನು ತಿಳಿದಿದ್ದೇನೆ. ಬಾಕಿ ಇರುವುದು ಇಲ್ಲಿ, ತೀರಿಸಬೇಕಾದವರೂ ಇಲ್ಲಿಯವರೇ. ಈ ದತ್ತಿಯ ಮೇಷ್ಟ್ರ ಲೆಕ್ಕವೂ ಬಹುಶಃ ಇದೇ ಇತ್ತು.

ಕೊನೆಯದಾಗಿ ಒಂದು ಕೋರಿಕೆ, ಸಭೆಯಲ್ಲಿ ವೈದ್ಯ ಮಿತ್ರರು ಇದ್ದಾರೆಂದು ಹೇಳುತ್ತಿದ್ದೇನೆ. ನನ್ನ ಪರಿಚಯದ ತಾಯಿಯೊಬ್ಬರು ಗಂಡನ ದೇಹವನ್ನು ವೈದ್ಯಕೀಯ ಕಾಲೇಜೊಂದಕ್ಕೆ ಕೊಟ್ಟರು. ಆ ದಿನ ಅವರಿಗೆ ಸಿಕ್ಕಿದ್ದು ಒಂದು ರಸೀದಿ. ಗಂಡ ಬರೆದಿಟ್ಟದ್ದನ್ನು ನಡೆಸಿದ ನೆಮ್ಮದಿ ಅವರಿಗಿತ್ತು, ಮಕ್ಕಳೂ ಒಪ್ಪಿದ್ದರು. ತಿಥಿ ಇಲ್ಲ, ವರ್ಷಾಂತಿಕ ಇಲ್ಲ. ವರ್ಷ ಕಳೆದ ಮೇಲೆ ಅವರಿಗೆ ಒಂದು ಪ್ರಶ್ನೆ ಹತ್ತಿಕೊಂಡಿತು: ಅವರದು ಮುಗಿಯಿತಾ, ಇನ್ನೂ ಇದೆಯಾ? ಕಾಲೇಜಿಗೆ ಫೋನು ಮಾಡಿದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿಸಿದರು, ಸರಿಯಾಗಿ ಹೇಳುವವರು ಸಿಗಲಿಲ್ಲ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಈಗ ಅಂಗರಚನಾ ತರಗತಿಯ ಮೊದಲ ದಿನ ದೇಹದ ಮುಂದೆ ನಿಂತು ಗೌರವದ ಪ್ರತಿಜ್ಞೆ ಮಾಡುತ್ತಾರೆ, ಅದು ಒಳ್ಳೆಯ ಪದ್ಧತಿ. ಹೊರದೇಶದ ಎಷ್ಟೋ ಕಾಲೇಜುಗಳು ವರ್ಷಕ್ಕೊಮ್ಮೆ ದಾನಿಗಳ ಮನೆಯವರನ್ನು ಕರೆಸಿ ಸ್ಮರಣೆಯ ಸಭೆ ಮಾಡುತ್ತವೆ. ಅಷ್ಟು ಆಗದಿದ್ದರೆ ಬೇಡ. ಇಂಥ ದಿನ ನಿಮ್ಮವರ ದೇಹದ ಕೆಲಸ ಮುಗಿಯಿತು, ಇಷ್ಟು ಮಂದಿ ವಿದ್ಯಾರ್ಥಿಗಳು ಅದರಿಂದ ಕಲಿತರು, ಉಳಿದದ್ದನ್ನು ಇಂಥ ಕಡೆ ಮಣ್ಣು ಮಾಡಿದ್ದೇವೆ ಎಂದು ಕನ್ನಡದಲ್ಲಿ ನಾಲ್ಕು ಸಾಲಿನ ಒಂದು ಕಾಗದ ಮನೆಗೆ ಕಳಿಸಲಿ. ಅಂಚೆ ಖರ್ಚಿಗೆ ಕಾಲೇಜಿನಲ್ಲಿ ಹಣವಿಲ್ಲದಿದ್ದರೆ ಅದಕ್ಕೂ ಒಂದು ದತ್ತಿ ಇಡಲು ಜನ ಸಿಗುತ್ತಾರೆ.